ನಾನು ಹೋಗದ ಆ ಗುರುವಾರ

1983ರ ಸೆಪ್ಟೆಂಬರ್ 7, ಬುಧವಾರ ರಾತ್ರಿ. ಶಿರಸಿ ಸೀಮೆಯ ನಮ್ಮ ಮನೆಯ ಜಗುಲಿಯಲ್ಲಿ ಲಾಟೀನು ಮುಂದಿಟ್ಟುಕೊಂಡು ರಸಾಯನಶಾಸ್ತ್ರ ಓದುತ್ತಿದ್ದೆ. ದೊಡ್ಡಪ್ಪನ ಮಗ ಕಂಬಳಿಕೊಪ್ಪೆ ಕೊಡವುತ್ತ ಮೆಟ್ಟಿಲು ಹತ್ತಿ ಬಂದ. ‘ನಾಳೆ ಕಾಡಿಗೆ ಹೋಪನ, ಬತ್ಯನ ತಮಾ?’ ಎಂದ. ಕಾಡಿನಲ್ಲಿ ಮರ ಕಡಿಯುತ್ತಿದ್ದಾರೆ, ಸಾಲ್ಕಣಿ ಕಡೆಯವರು ತಡೆಯಲು ಹೊರಟಿದ್ದಾರೆ, ಜನ ಬೇಕು ಅಂದ. ‘ನಂಗೆ ಟೆಸ್ಟ್ ಇದ್ದು’ ಎಂದೆ. ನನಗಾಗ 17 ವರ್ಷ. ಅಣ್ಣ ಒತ್ತಾಯ ಮಾಡಲಿಲ್ಲ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹೊರಟುಹೋಗಿದ್ದ.

ಆ ಟೆಸ್ಟಿನಲ್ಲಿ ಎಷ್ಟು ಅಂಕ ಬಂತೋ ನೆನಪಿಲ್ಲ. ಅದೇ ದಿನ ಸುತ್ತಿನ ಊರುಗಳ ಸುಮಾರು 160 ಜನ, ಯುವಕ ಮಂಡಳಿಯ ಹುಡುಗರು, ಹೆಂಗಸರು, ಮಕ್ಕಳು, ಕಾಡಿಗೆ ನಡೆದು ಹೋಗಿ ಮರಗಳನ್ನು ತಬ್ಬಿ ನಿಂತರು. ಕಡಿಯಲು ಬಂದಿದ್ದವರು ಕೈಬಿಟ್ಟರು. ಆಮೇಲೆ 38 ದಿನ ಆ ಕಾವಲು ನಡೆಯಿತು. ಕೊನೆಗೆ ಸರ್ಕಾರ ಕಡಿಯುವ ಆದೇಶವನ್ನೇ ಹಿಂದಕ್ಕೆ ತೆಗೆದುಕೊಂಡಿತು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ. ನಡೆದು ಹೋಗುವಷ್ಟು ದೂರದಲ್ಲಿ ಈ ನಾಡಿನ ದೊಡ್ಡದೊಂದು ಸಂಗತಿ ಶುರುವಾಗುತ್ತಿತ್ತು. ನನ್ನನ್ನು ಹೆಸರು ಹಿಡಿದು ಕರೆದಿದ್ದರು. ನಾನು ಹೋಗಲಿಲ್ಲ.

ನಲವತ್ತು ವರ್ಷ ದಾಟಿದರೂ ಆ ಸಂಕಟ ಹೋಗಿಲ್ಲ. ಅದಕ್ಕೇ ಇದನ್ನು ನಿಮಗೆ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿರುವ ನಿಮಗೆ, ಓದು ಮುಗಿಸಿ ಕೆಲಸ ಹುಡುಕುತ್ತಿರುವ ನಿಮಗೆ, ಹೊಲ ತೋಟಕ್ಕೆ ಮರಳಿರುವ ನಿಮಗೆ. ಬುದ್ಧಿ ಹೇಳುವ ಉದ್ದೇಶವಿಲ್ಲ. ನನ್ನ 17ನೆಯ ವಯಸ್ಸಿನಲ್ಲಿ ಈ ದೇಶದಲ್ಲಿ ಒಂದು ವರ್ಷ ಹೇಗೆ ಕಳೆಯಿತು ಅಂತ ಹೇಳುತ್ತೇನೆ. ಅದರಲ್ಲಿ ನಿಮಗೆ ಬೇಕಾದದ್ದು ಬಹಳ ಇದೆ.

1983 ಎಂದರೆ ನಿಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಲಾರ್ಡ್ಸ್ ಬಾಲ್ಕನಿಯಲ್ಲಿ ಕಪ್ ಎತ್ತಿ ಹಿಡಿದ ಕಪಿಲ್ ದೇವ್. ಜೂನ್ 25, ಶನಿವಾರ. ನಾವು ಹೊಡೆದದ್ದು 183 ರನ್, ವೆಸ್ಟ್ ಇಂಡೀಸ್ 140ಕ್ಕೆ ಆಲೌಟ್. ಅದಕ್ಕೂ ಹಿಂದಿನ ಎರಡು ವಿಶ್ವಕಪ್ ಸೇರಿಸಿದರೆ ಭಾರತ ಗೆದ್ದದ್ದು ಒಂದೇ ಪಂದ್ಯ, ಅದೂ ಪೂರ್ವ ಆಫ್ರಿಕಾದ ಮೇಲೆ. ಆ ಚಿತ್ರ ನೀವು ನೂರು ಸಲ ನೋಡಿದ್ದೀರಿ. ನನಗೆ ಅದಕ್ಕಿಂತ ದೊಡ್ಡದು ಒಂದು ವಾರ ಮುಂಚಿನ ಶನಿವಾರ.

ಜೂನ್ 18, ಟನ್‌ಬ್ರಿಜ್ ವೆಲ್ಸ್ ಎಂಬ ಊರಿನ ನೆವಿಲ್ ಮೈದಾನ. ಎದುರಾಳಿ ಜಿಂಬಾಬ್ವೆ. ಸೋತರೆ ಸೆಮಿಫೈನಲ್ ದಾರಿ ಹೆಚ್ಚುಕಮ್ಮಿ ಮುಚ್ಚಿದಂತೆಯೇ. ಕಪಿಲ್ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡು ಸ್ನಾನಕ್ಕೆ ಹೋಗಿದ್ದರಂತೆ. ಅಷ್ಟರಲ್ಲಿ ವಿಕೆಟ್‌ಗಳು ಉದುರತೊಡಗಿದವು, ಓಡೋಡಿ ಬಂದು ಪ್ಯಾಡ್ ಕಟ್ಟಬೇಕಾಯಿತು. ಸ್ವಲ್ಪ ಹೊತ್ತಿನಲ್ಲಿ ಸ್ಕೋರು 17ಕ್ಕೆ 5. ಇನ್ನೊಂದು ತುದಿಗೆ ಬಂದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. 22 ರನ್ ಮಾಡಿದರು. ಇಬ್ಬರೂ ಸೇರಿ 60 ರನ್ ಕೂಡಿಸಿದರು. ಬಿನ್ನಿ ಹೋದರು, ರವಿ ಶಾಸ್ತ್ರಿ ಹೋದರು, ಮದನ್ ಲಾಲ್ ಒಂದಷ್ಟು ಹೊತ್ತು ನಿಂತು ಹೋದರು. 140ಕ್ಕೆ 8. ಆಗ ಬಂದರು ಇನ್ನೊಬ್ಬ ಬೆಂಗಳೂರಿಗ, ಸೈಯದ್ ಕಿರ್ಮಾನಿ. ಮುಗಿಯುವ ತನಕ ಔಟಾಗಲಿಲ್ಲ. ಮುರಿಯದ ಒಂಬತ್ತನೆಯ ವಿಕೆಟ್ ಜೊತೆಯಾಟದಲ್ಲಿ 126 ರನ್ ಬಂತು. ಅದರಲ್ಲಿ ಕಿರ್ಮಾನಿಯವರದು 24. ಕಪಿಲ್ ಒಟ್ಟು 175 ಹೊಡೆದು ಅಜೇಯರಾಗಿ ಉಳಿದರು. ಆ ದಿನಕ್ಕೆ ಅದು ಒಂದು ದಿನದ ಪಂದ್ಯಗಳ ವಿಶ್ವದಾಖಲೆ.

ಆ ಆಟದ ದೃಶ್ಯ ಒಂದು ನಿಮಿಷದ್ದೂ ಇವತ್ತು ಇಲ್ಲ. ಮೈದಾನದಲ್ಲಿ ಟಿವಿ ಕ್ಯಾಮೆರಾ ಇರಲೇ ಇಲ್ಲ. ಆ ಮಧ್ಯಾಹ್ನ ಅಲ್ಲಿ ಕೂತಿದ್ದ ಕೆಲವು ಸಾವಿರ ಜನರ ಕಣ್ಣಲ್ಲಿ ಮಾತ್ರ ಅದು ಉಳಿಯಿತು. ಹುಡುಗರೇ, ಇದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಪ್ ಎತ್ತಿದ್ದನ್ನು ಎಲ್ಲರೂ ನೋಡಿದರು. ಕಪ್ ತಂದುಕೊಟ್ಟ ಆಟವನ್ನು ರೆಕಾರ್ಡ್ ಮಾಡುವವರೇ ಇರಲಿಲ್ಲ. ಮಾಡಿದ್ದನ್ನೆಲ್ಲ ಫೋನಿಗೆ ತೋರಿಸಿ ಆದಮೇಲೇ ಅದು ನಡೆದದ್ದು ಎಂದು ನಂಬುವ ಕಾಲ ನಿಮ್ಮದು. ಅದು ನಿಮ್ಮ ತಪ್ಪಲ್ಲ, ಹುಟ್ಟಿದಾಗಿನಿಂದ ಕೈಯಲ್ಲಿ ಕೊಟ್ಟದ್ದು ಅದನ್ನೇ. ಆದರೂ ಕಿರ್ಮಾನಿಯವರ ಆ 24 ರನ್ ನೆನಪಿರಲಿ. ಬಿನ್ನಿಯ 22 ನೆನಪಿರಲಿ. ಆ 22 ಇಲ್ಲದಿದ್ದರೆ 17ಕ್ಕೆ 5 ಎಂಬುದು ಐವತ್ತರ ಒಳಗೇ ಮುಗಿದುಹೋಗುತ್ತಿತ್ತು. ಅದೇ ಬಿನ್ನಿ ಆ ವಿಶ್ವಕಪ್ಪಿನಲ್ಲಿ 18 ವಿಕೆಟ್ ತೆಗೆದರು, ಎಲ್ಲ ತಂಡಗಳ ಎಲ್ಲ ಬೌಲರುಗಳಿಗಿಂತ ಹೆಚ್ಚು.

ಆ ವರ್ಷ ಎಲ್ಲ ಹೀಗೇ ಬೆಳಗಿತ್ತು ಎಂದರೆ ಸುಳ್ಳಾಗುತ್ತದೆ. ಫೆಬ್ರವರಿ 18ರ ಬೆಳಿಗ್ಗೆ ಅಸ್ಸಾಮಿನ ನೆಲ್ಲಿ ಎಂಬಲ್ಲಿ, ಅದರ ಸುತ್ತಿನ ಹಳ್ಳಿಗಳಲ್ಲಿ, ಕೆಲವೇ ಗಂಟೆಗಳಲ್ಲಿ ಎರಡು ಸಾವಿರದಷ್ಟು ಜನರನ್ನು ಕೊಂದುಹಾಕಿದರು. ಸತ್ತವರಲ್ಲಿ ಹೆಚ್ಚಿನವರು ಓಡಲಾಗದ ಹೆಂಗಸರು, ಮಕ್ಕಳು. ಆ ಕೊಲೆಗಳಿಗೆ ಇವತ್ತಿನವರೆಗೆ ಒಬ್ಬರಿಗೂ ಶಿಕ್ಷೆಯಾಗಿಲ್ಲ. ಪಂಜಾಬ್ ಹೊತ್ತಿ ಉರಿಯುತ್ತಿತ್ತು. ಅಕ್ಟೋಬರ್ ಹೊತ್ತಿಗೆ ಅಲ್ಲಿ ರಾಷ್ಟ್ರಪತಿ ಆಡಳಿತ ಬಂತು.

ಯುವಕರನ್ನು ಹುರಿದುಂಬಿಸುವ ಲೇಖನದಲ್ಲಿ ನೆಲ್ಲಿಯ ಮಾತು ಯಾಕೆ ಅನ್ನಬೇಡಿ. ಗುಂಪು ಕಟ್ಟಿ ಕತ್ತಿ ಹಿಡಿದು ಹೊರಟವರಲ್ಲೂ ನಿಮ್ಮ ವಯಸ್ಸಿನವರು ಇದ್ದೇ ಇರುತ್ತಾರೆ. ಅವರ ಮೈಯಲ್ಲಿಯೂ ಬಿಸಿರಕ್ತ ಇರುತ್ತದೆ, ಏನೋ ದೊಡ್ಡದನ್ನು ಮಾಡುತ್ತಿದ್ದೇವೆ ಎಂಬ ನಂಬಿಕೆ ಇರುತ್ತದೆ. ‘ಎದ್ದೇಳಿ, ಮುನ್ನುಗ್ಗಿ’ ಎಂದು ಕೂಗಿ ಹೇಳುವವರು ಬಹಳ ಜನ ಸಿಗುತ್ತಾರೆ. ಯಾವುದರ ಮೇಲೆ ನುಗ್ಗಬೇಕು ಎಂದು ಅವರನ್ನು ನಿಲ್ಲಿಸಿ ಕೇಳಿ. ಸಾಲ್ಕಣಿಯ ಹುಡುಗರೂ ಗುಂಪಾಗಿಯೇ ಹೋದರು, ಬಿಸಿರಕ್ತದಲ್ಲೇ ಹೋದರು. ಅವರ ಕೈಯಲ್ಲಿ ಏನೂ ಇರಲಿಲ್ಲ, ತೋಳು ಬಿಟ್ಟರೆ. ನಿಮ್ಮನ್ನು ಕರೆಯಲು ಬಂದವನ ಕೈ ನೋಡಿ, ಅಷ್ಟು ಸಾಕು.

ನಾನು ಕರ್ನಾಟಕದವನಾದ್ದರಿಂದ ಆ ಜನವರಿಯನ್ನೂ ಹೇಳಬೇಕು. ಈ ರಾಜ್ಯ ಹುಟ್ಟಿದಂದಿನಿಂದ ಕಾಂಗ್ರೆಸ್ ಬಿಟ್ಟು ಬೇರೆ ಸರ್ಕಾರ ನೋಡಿರಲಿಲ್ಲ. ಜನವರಿ 10ರಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಹಿಂದಿನ ದಿನವಷ್ಟೇ ಪಕ್ಕದ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಪ್ರಮಾಣವಚನ ತೆಗೆದುಕೊಂಡಿದ್ದರು. ಅವರ ಪಕ್ಷಕ್ಕೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಜಗುಲಿ ಮೇಲೆ ರೇಡಿಯೊ ಸುತ್ತ ಕೂತು ಅಪ್ಪ, ಚಿಕ್ಕಪ್ಪ, ನೆರೆಮನೆಯವರು ಚರ್ಚೆ ಮಾಡುತ್ತಿದ್ದರೆ ನಾನು ಬಾಗಿಲ ಸಂದಿನಲ್ಲಿ ನಿಂತು ಕೇಳುತ್ತಿದ್ದೆ. ನನಗೆ ಓಟಿರಲಿಲ್ಲ. ನನಗಿಂತ ಮೂರು ವರ್ಷ ದೊಡ್ಡವರಿಗೂ ಇರಲಿಲ್ಲ. ಆಗ ಓಟು ಹಾಕಲು 21 ಆಗಬೇಕಿತ್ತು. ಅದು 18ಕ್ಕೆ ಇಳಿದದ್ದು ಸಂವಿಧಾನದ 61ನೆಯ ತಿದ್ದುಪಡಿಯಿಂದ, 1989ರಲ್ಲಿ. ಇವತ್ತು ನಿಮ್ಮ ಚೀಟಿಯಲ್ಲಿರುವ ಆ ಮೂರು ವರ್ಷ ನಮಗೆ ಸಿಕ್ಕಿರಲಿಲ್ಲ ಎಂಬುದನ್ನು ನೀವು ತಿಳಿದಿರಬೇಕು.

ಆ ಸರ್ಕಾರ ಮಾಡಿದ ಕೆಲಸಗಳಲ್ಲಿ ಒಂದನ್ನು ನಾನು ಇವತ್ತಿಗೂ ತಲೆಬಾಗಿ ನೆನೆಯುತ್ತೇನೆ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿ. ಬರದ ಕಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ಅವರು ತಂದ ಪಂಚಾಯತಿ ಕಾಯ್ದೆಯ ಹೆಸರಿನಲ್ಲಿಯೇ 1983 ಇದೆ. ಹಳ್ಳಿಯ ದುಡ್ಡು, ಹಳ್ಳಿಯ ತೀರ್ಮಾನ ಹಳ್ಳಿಯವರ ಕೈಗೇ ಹೋಗಲಿ ಎಂಬುದು ಅದರ ಜೀವ. ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲು ಎಂದು ಅದರಲ್ಲಿ ಬರೆದರು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಅಲ್ಲಿಯವರೆಗೆ ಪಂಚಾಯತಿ ಕಟ್ಟೆಯ ಕೆಳಗೇ ನಿಂತು ಮಾತಾಡುತ್ತಿದ್ದ ಸಾವಿರಾರು ಹೆಂಗಸರು ಮೇಲೆ ಹತ್ತಿ ಕುರ್ಚಿಯಲ್ಲಿ ಕೂತರು. ಇಡೀ ದೇಶಕ್ಕೆ ಮೂರನೆಯ ಒಂದು ಪಾಲು ಮೀಸಲಾತಿ ಬಂದದ್ದು 1993ರಲ್ಲಿ, ಸಂವಿಧಾನದ 73ನೆಯ ತಿದ್ದುಪಡಿಯಿಂದ. ಅಂದರೆ ಇಲ್ಲಿ ಬಿತ್ತಿದ್ದು ದೇಶದಲ್ಲಿ ಫಲ ಕೊಡಲು ಹತ್ತು ವರ್ಷ ಹಿಡಿಯಿತು.

ಇನ್ನೂ ಹೆಚ್ಚು ಕಾಲ ಹಿಡಿದದ್ದೊಂದಿದೆ. ಆ ವರ್ಷದ ಭೌತಶಾಸ್ತ್ರದ ನೊಬೆಲ್‌ನಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಬಂತು. ಆಗವರು ಅಮೆರಿಕದ ಪ್ರಜೆ, ವಯಸ್ಸು 73. ಅವರಿಗೆ ಆ ಹೆಸರು ತಂದ ಲೆಕ್ಕ ಮಾತ್ರ 1930ರದು. ಮದ್ರಾಸಿನಲ್ಲಿ ಓದು ಮುಗಿಸಿದ 19ರ ಹುಡುಗ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ. ಸಮುದ್ರದ ಮೇಲೆ ಸುಮ್ಮನೆ ಕೂರಲಾಗದೆ ಕಾಗದ ಪೆನ್ಸಿಲು ಹಿಡಿದು, ಉರಿದು ಮುಗಿದ ನಕ್ಷತ್ರ ಬಿಳಿಕುಬ್ಜವಾಗಿ ಉಳಿಯಬೇಕಾದರೆ ಅದರ ತೂಕಕ್ಕೊಂದು ಮಿತಿ ಇದೆ, ಅದನ್ನು ದಾಟಿದರೆ ಕುಸಿಯುತ್ತಲೇ ಹೋಗಬೇಕು ಎಂದು ಲೆಕ್ಕ ಹಾಕಿದ. ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು. 1935ರಲ್ಲಿ ಲಂಡನ್ನಿನ ತುಂಬಿದ ಸಭೆಯಲ್ಲಿ, ಆ ಕಾಲದ ಅತಿದೊಡ್ಡ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ಎದ್ದು ನಿಂತು ಅದನ್ನು ಅಲ್ಲಗಳೆದರು. ಹುಡುಗ ಬೇರೆ ವಿಷಯಕ್ಕೆ ಹೊರಳಿದ. ಲೆಕ್ಕ ಮಾತ್ರ ಸರಿಯೇ ಇತ್ತು. ನೊಬೆಲ್ ಬರುವಾಗ 53 ವರ್ಷ ಕಳೆದಿತ್ತು.

ಇದನ್ನು ಯಾಕೆ ಹೇಳಿದೆನೆಂದರೆ, ಓದು ಬಿಟ್ಟು ಬೀದಿಗೆ ಬನ್ನಿ ಎಂದು ನಾನು ಕರೆಯುತ್ತಿದ್ದೇನೆ ಅಂತ ನಿಮ್ಮ ತಂದೆತಾಯಿ ತಿಳಿಯಬಾರದು. ಮನಸ್ಸಿಟ್ಟು ಮಾಡಿದ ಓದು ದೊಡ್ಡ ಕೆಲಸವೇ. ಚಂದ್ರಶೇಖರ್ ಹಡಗಿನಲ್ಲಿ ಮಾಡಿದ್ದು ಅದನ್ನೇ. ಯಾರೂ ಅವರಿಗೆ ಪರೀಕ್ಷೆ ಇಟ್ಟಿರಲಿಲ್ಲ. ನಾನು ಲಾಟೀನಿನ ಮುಂದೆ ಕೂತು ಓದುತ್ತಿದ್ದದ್ದು ಬೇರೆ ಜಾತಿಯ ಓದು. ಅದು ಹೋಗದೆ ಇರುವುದಕ್ಕೆ ಸಿಕ್ಕ ನೆಪ. ನಿಮ್ಮದು ಯಾವುದು ಎಂದು ನಿಮಗೇ ಗೊತ್ತಿರುತ್ತದೆ, ಬೇರೆಯವರು ಹೇಳಬೇಕಾಗಿಲ್ಲ.

ಅದೇ ಸೆಪ್ಟೆಂಬರ್ ತಿಂಗಳಲ್ಲಿ, ನಮ್ಮ ಕಾಡಿನಲ್ಲಿ ಕಾವಲು ನಡೆಯುತ್ತಿದ್ದ ದಿನಗಳಲ್ಲೇ, ಹಾಸನದಲ್ಲಿ ಇನ್ನೊಂದು ಕಾವಲು ನಡೆಯುತ್ತಿತ್ತು. ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆ ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನು ಹೊತ್ತೊಯ್ದಿತ್ತು. ಹಿಂದಿನ ವರ್ಷ ಹೋದ 1ಎ ಕೆಲವೇ ತಿಂಗಳಲ್ಲಿ ಕೆಟ್ಟುಹೋಗಿತ್ತು. ಈ ಸಲವೂ ಮೇಲೆ ಹೋದಮೇಲೆ ಬಿಸಿಲಿನಿಂದ ವಿದ್ಯುತ್ ಮಾಡಿಕೊಳ್ಳುವ ಫಲಕ ಬಿಚ್ಚಿಕೊಳ್ಳಲಿಲ್ಲ. ಹಾಸನದ ನಿಯಂತ್ರಣ ಕೇಂದ್ರ ಆಗಿನ್ನೂ ಹೊಸತು. ಅಲ್ಲಿನ ಎಂಜಿನಿಯರುಗಳು ಉಪಗ್ರಹ ತಯಾರಿಸಿದ ಅಮೆರಿಕದವರ ಜೊತೆ ಸೇರಿ ಭೂಮಿಯಿಂದಲೇ ಆದೇಶದ ಮೇಲೆ ಆದೇಶ ಕಳಿಸಿ, ಸೆಪ್ಟೆಂಬರ್ ನಡುವಿನ ಹೊತ್ತಿಗೆ ಅದನ್ನು ಬಿಡಿಸಿದರು. ಆಕಾಶದಲ್ಲಿ ಕೈ ಹಾಕಿ ಸಿಕ್ಕು ಬಿಡಿಸಲಾಗದು. ಕೂತು, ಯೋಚಿಸಿ, ಕಾದು, ಇನ್ನೊಮ್ಮೆ ಯತ್ನಿಸುವುದೊಂದೇ ದಾರಿ. ಮುಂದೆ ದೇಶದ ಮೂಲೆಮೂಲೆಗೆ ಟಿವಿ ಹೋದದ್ದು, ಸಮುದ್ರದ ಚಂಡಮಾರುತವನ್ನು ಮೊದಲೇ ಕಂಡು ಕರಾವಳಿಗೆ ಎಚ್ಚರಿಕೆ ಕೊಡಲಾದದ್ದು ಆ ಉಪಗ್ರಹದಿಂದ.

ಆ ವರ್ಷದ ಸುದ್ದಿಗಳಿಗೇನು ಕೊರತೆಯಿರಲಿಲ್ಲ. ‘ಗಾಂಧಿ’ ಚಿತ್ರದ ಉಡುಪು ವಿನ್ಯಾಸಕ್ಕೆ ಕೊಲ್ಹಾಪುರದ ಭಾನು ಅಥೈಯಾ ಆಸ್ಕರ್ ಗೆದ್ದರು, ಭಾರತೀಯರಿಗೆ ಬಂದ ಮೊದಲನೆಯದು. ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. 1983ರ ಜ್ಞಾನಪೀಠ ನಮ್ಮ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ಕ್ಕೆ ಬಂತು. ಮಾಸ್ತಿಯವರಿಗಾಗ ತೊಂಬತ್ತು ದಾಟಿತ್ತು. ಇವನ್ನೆಲ್ಲ ನಾನು ಪೇಪರಿನಲ್ಲಿ ಓದಿದೆ, ಹೆಮ್ಮೆಪಟ್ಟೆ, ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿದೆ. ನಮ್ಮೂರಿನ ಸುದ್ದಿ ಆ ನೋಟ್‌ಬುಕ್ಕಿನಲ್ಲಿರಲಿಲ್ಲ. ಅಣ್ಣ ಸಂಜೆ ಮನೆಗೆ ಬಂದಾಗ ನಾನು ಅವನ ಅಂಗಿಯನ್ನೇ ನೋಡಿದೆ. ಎದೆಯ ಮೇಲೆಲ್ಲ ಪಾಚಿಯ ಹಸಿರು, ತೊಗಟೆಯ ಪುಡಿ. ಕಾಲಿನಲ್ಲಿ ಉಂಬಳ ಕಚ್ಚಿದ ರಕ್ತ ಇನ್ನೂ ಒಸರುತ್ತಿತ್ತು. ಅಮ್ಮ ಸುಣ್ಣ ತಂದು ಹಚ್ಚಿದಳು. ‘ನಿಂತ್ತು’ ಎಂದಷ್ಟೇ ಹೇಳಿದ ಅಣ್ಣ. ಕಡಿಯುವುದು ನಿಂತಿತು ಎಂದೋ, ರಕ್ತ ನಿಂತಿತು ಎಂದೋ ಗೊತ್ತಾಗಲಿಲ್ಲ.

ಆ ಕಾಡನ್ನು ಯಾಕೆ ಕಡಿಯುತ್ತಿದ್ದರು ಎಂಬುದನ್ನು ತಿಳಿಯದೆ ಆ ಹುಡುಗರ ಬೆಲೆ ತಿಳಿಯುವುದಿಲ್ಲ. ಕಾಗದದ ಕಾರ್ಖಾನೆಗೆ, ಪ್ಲೈವುಡ್ಡಿಗೆ, ಅಣೆಕಟ್ಟುಗಳಿಗೆ ಉತ್ತರ ಕನ್ನಡದ ಕಾಡು ವರ್ಷವರ್ಷ ಹೋಗುತ್ತಿತ್ತು. ಹಲವು ಜಾತಿಯ ಮರವಿದ್ದ ಕಾನು ಬೋಳಿಸಿ ತೇಗವೊಂದನ್ನೇ ನೆಟ್ಟ ಕಡೆಗಳಲ್ಲಿ ಒರತೆ ಬತ್ತಿತು, ತೋಟಕ್ಕೆ ಬೇಕಾದ ಸೊಪ್ಪು ಸಿಗದಾಯಿತು. ಎಕರೆಗೆ ಎರಡೇ ಮರ ಕಡಿಯುತ್ತೇವೆ ಎಂಬುದು ಕಾಗದದ ಮೇಲಿನ ಲೆಕ್ಕ. ಕಾನಿನಲ್ಲಿ ಒಂದು ಹೆಮ್ಮರ ಬಿದ್ದರೆ ಎಷ್ಟು ಎಳೆಮರಗಳನ್ನು ತನ್ನ ಜೊತೆ ನೆಲಕ್ಕೆ ಎಳೆಯುತ್ತದೆ ಎಂಬುದು ಅಲ್ಲಿನ ಹೆಂಗಸರಿಗೆ ಗೊತ್ತಿತ್ತು. ದಿನವೂ ಸೊಪ್ಪಿಗೆ, ದರಕಿಗೆ ಹೋಗಿ ಬರುವವರು ಅವರು. ಮೊದಲು ಅರಣ್ಯ ಇಲಾಖೆಗೆ ಕೇಳಿಕೊಂಡರು. ಫಲವಾಗಲಿಲ್ಲ. ಹಿಮಾಲಯದ ಹೆಂಗಸರು ಹತ್ತು ವರ್ಷದ ಹಿಂದೆ ಮರ ತಬ್ಬಿ ನಿಂತ ಚಿಪ್ಕೋ ಕಥೆ ಊರಿಗೆ ಬಂದಿತ್ತು. ಚಿಪ್ಕೋದ ಸುಂದರಲಾಲ್ ಬಹುಗುಣ ಬಂದರು, ಪಾಂಡುರಂಗ ಹೆಗಡೆ ಜೊತೆ ನಿಂತರು. ಹೋಗುವುದೆಂದು ನಿಶ್ಚಯಿಸಿದವರು ಮಾತ್ರ ಊರಿನವರೇ.

ಚಿಪ್ಕೋ ಎಂಬುದನ್ನು ಕನ್ನಡಕ್ಕೆ ತಂದವರು ‘ಅಪ್ಪಿಕೊಳ್ಳುವಿಕೆ’ ಅನ್ನಲಿಲ್ಲ, ‘ಅಪ್ಪಿಕೋ’ ಅಂದರು. ನಮ್ಮ ವ್ಯಾಕರಣದಲ್ಲಿ ಅದು ವಿಧ್ಯರ್ಥ, ಎದುರಿಗಿರುವ ಒಬ್ಬನಿಗೆ, ಒಬ್ಬಳಿಗೆ ಹೇಳುವ ಮಾತು. ಅವರು ಹಿಡಿದ ಘೋಷಣೆಯೂ ಹಾಗೇ: ಉಳಿಸು, ಬೆಳೆಸು, ಬಳಸು. ‘ಸರ್ಕಾರ ಉಳಿಸಲಿ’ ಎಂದಿಲ್ಲ, ‘ನಾವೆಲ್ಲ ಉಳಿಸೋಣ’ ಎಂದೂ ಇಲ್ಲ. ನೀನು ಎಂದು ಬೆರಳು ತೋರಿಸುವ ಈ ಮಾತಿನಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ನಾನು ಒಮ್ಮೆ ತಪ್ಪಿಸಿಕೊಂಡೆ, ಅದು ಹೇಗಿರುತ್ತದೆಂದು ನನಗೆ ಗೊತ್ತು.

ಇನ್ನು ನಿನ್ನ ವಿಷಯ.

ನೀನು ಇರುವ ಊರಿನಲ್ಲಿ ಈ ವರ್ಷ ಯಾವುದೋ ಒಂದು ಹೋಗುತ್ತಿದೆ. ಕೆರೆಯ ಅಂಚು ವರ್ಷಕ್ಕಿಷ್ಟು ಒಳಗೆ ಸರಿಯುತ್ತಿರಬಹುದು. ಸರ್ಕಾರಿ ಶಾಲೆಯಲ್ಲಿ ಹುಡುಗಿಯರ ಶೌಚಾಲಯಕ್ಕೆ ಬೀಗ ಬಿದ್ದಿರಬಹುದು. ಗ್ರಂಥಾಲಯದ ಬಾಗಿಲು ತೆರೆಯುವುದೇ ಅಪರೂಪವಾಗಿರಬಹುದು. ನಿನಗದು ಗೊತ್ತು, ನೋಡುತ್ತಲೇ ಓಡಾಡುತ್ತೀ. ನಮಗೆ ಇಲ್ಲದಿದ್ದ ಆಯುಧ ನಿನ್ನ ಕೈಯಲ್ಲಿದೆ. 18 ತುಂಬಿ ಪಟ್ಟಿಯಲ್ಲಿ ಹೆಸರಿದ್ದರೆ ಗ್ರಾಮಸಭೆಯಲ್ಲಿ ನೀನು ಸದಸ್ಯ, ಎದ್ದು ನಿಂತು ಕೇಳುವ ಹಕ್ಕು ಕಾಯ್ದೆಯೇ ಕೊಟ್ಟದ್ದು. 21 ಆದರೆ ಪಂಚಾಯತಿಗೆ ನೀನೇ ನಿಲ್ಲಬಹುದು. ಹುಡುಗಿಯರೇ, ಈಗ ಈ ರಾಜ್ಯದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ನಿಮ್ಮದು. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. 10 ರೂಪಾಯಿಯ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕು. ಪ್ರತಿ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯ್ದೆ ಹೇಳುತ್ತದೆ. ನಿನ್ನ ಊರಿನ ಮರ, ಮೀನು, ಬಳ್ಳಿ, ಬೀಜ ಎಲ್ಲದರ ದಾಖಲೆ ಪುಸ್ತಕ ಆ ಸಮಿತಿಯ ಹತ್ತಿರ ಇರಬೇಕು. ಇದೆಯೇ? ಹೋಗಿ ನೋಡಿದ್ದೀಯಾ? ಇಲ್ಲದಿದ್ದರೆ ಬರೆಯುವವರು ಯಾರು? ನಿನ್ನ ಅಜ್ಜಿಗೆ ಗೊತ್ತಿರುವ ಸೊಪ್ಪಿನ ಹೆಸರುಗಳು ಅಜ್ಜಿಯ ಜೊತೆಗೇ ಹೋಗುವ ಮುನ್ನ ಒಂದು ಭಾನುವಾರ ಅವಳ ಪಕ್ಕ ಪುಸ್ತಕ ಹಿಡಿದು ಕೂರು.

ಒಬ್ಬನೇ ಹೋದರೆ ಏನಾಗುತ್ತದೆ ಅನ್ನಬೇಡ. ಒಬ್ಬನೇ ಹೋಗಬೇಕಾಗಿಯೂ ಇಲ್ಲ. ಅಂದು ಹೋದದ್ದು 160 ಜನ, ಅದರಲ್ಲಿ ಮಕ್ಕಳೂ ಇದ್ದರು. ಮೊದಲು ಸಿಗಬೇಕಾದ್ದು ಇನ್ನೊಬ್ಬ. ರಾತ್ರಿ ಅವನ ಮನೆಯ ಮೆಟ್ಟಿಲು ಹತ್ತಿ ಹೋಗಿ ಕರೆ. ಟೆಸ್ಟ್ ಇದೆ ಎಂದರೆ ನನ್ನ ಅಣ್ಣನ ಹಾಗೆ ಸುಮ್ಮನೆ ವಾಪಸು ಬರಬೇಡ, ಇನ್ನೊಂದು ಸಲ ಕೇಳು. ನನ್ನನ್ನು ಇನ್ನೊಂದು ಸಲ ಕೇಳಿದ್ದರೆ ಹೋಗುತ್ತಿದ್ದೆನೇನೋ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಅಣ್ಣ ಈಗಿಲ್ಲ. ಪ್ರತಿ ಸೆಪ್ಟೆಂಬರ್ 8ಕ್ಕೆ ಆ ಕಡೆಯ ಕಾಡಿಗೆ ನಾನು ಹೋಗುತ್ತೇನೆ. ಬೆಳಗಿನ ಹೊತ್ತು, ಎಲೆಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ದೊಡ್ಡ ಮರವೊಂದನ್ನು ತಬ್ಬಿದರೆ ಎರಡು ಕೈ ಸಾಲುವುದಿಲ್ಲ, ಬೆರಳು ಬೆರಳಿಗೆ ತಾಗುವುದಿಲ್ಲ. ಕೆನ್ನೆಗೆ ಪಾಚಿ ತಣ್ಣಗೆ ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ಚಗಳಿ ಇರುವೆ ಕುತ್ತಿಗೆ ಹತ್ತುತ್ತದೆ, ಆದರೂ ಕೈ ಬಿಡಲು ಮನಸ್ಸಾಗುವುದಿಲ್ಲ. ಅಂಥ ಮರಕ್ಕೆ ಮೂವರು ಬೇಕು. ಇಲ್ಲಿಯವರೆಗೆ ಒಬ್ಬನೇ ಹೋಗುತ್ತಿದ್ದೆ. ಈ ಸಲ ನೀವು ಬನ್ನಿ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳಕ್ಕೆ ಕಾದಿರುತ್ತೇನೆ. ಕೊಡೆ ನೀವೇ ತರಬೇಕು. ಉಂಬಳಕ್ಕೆ ಸುಣ್ಣ ನಾನು ತರುತ್ತೇನೆ.